ಬಿಲ್ಲಿಗೆ ಮರೆ ಬೇಕು: ಯಲಬುರ್ಗಾದ ಚಿಗರಿಯ ಸಂದರ್ಶನ

ಅಮೆರಿಕದ ಪಶ್ಚಿಮದ ಬಯಲುಗಳಲ್ಲಿ ಬಿಲ್ಲು ಹಿಡಿದು ದೊಡ್ಡ ಮಿಗಗಳ ಬೇಟೆಯಾಡುವುದು ಇಂದಿಗೂ ಪರವಾನಗಿ ಪಡೆದ ಶೋಕಿ. ಅದರಲ್ಲಿ ಹುರುಳಿದೆಯೇ ಎಂದು ಕೇಳಲು ಯಲಬುರ್ಗಾ–ಕುಷ್ಟಗಿ ನಡುವಿನ ಎರೆ ಹೊಲದ ಗಂಡು ಚಿಗರಿಗಿಂತ ತಕ್ಕವರಿಲ್ಲ. ಸರ್ಕಾರಿ ಕಾಗದದಲ್ಲಿ ಇವರ ಹೆಸರು ಕೃಷ್ಣಮೃಗ. ನೂರೈವತ್ತು ಮೀಟರಿನಾಚೆ ನಿಂತೇ ಮಾತಾಡಬೇಕೆಂಬ ಕರಾರಿನ ಮೇಲೆ ಒಪ್ಪಿದರು.

ಬಂದೂಕಿಗಿಂತ ಬಿಲ್ಲು ನ್ಯಾಯದ ಆಯುಧ, ಪ್ರಾಣಿಗೂ ಪಾರಾಗಲು ಅವಕಾಶವಿದೆ ಅಂತಾರಲ್ಲ?

ಅವಕಾಶ ಇದೆ, ತೊಂದರೆಯೂ ಅದರಲ್ಲೇ ಇದೆ. ಈಗಿನ ರಾಟೆ ಬಿಲ್ಲಿನ ಬಾಣ ಸೆಕೆಂಡಿಗೆ ಸುಮಾರು 90 ಮೀಟರು ಹೋಗುತ್ತದೆ, ಹೆದೆಯ ಸದ್ದು 340 ಮೀಟರು. 60 ಮೀಟರು ದೂರದಿಂದ ಬಿಟ್ಟರೆ ಬಾಣಕ್ಕಿಂತ ಅರ್ಧ ಸೆಕೆಂಡು ಮುಂಚೆ ಸದ್ದು ನಮ್ಮ ಕಿವಿಗೆ ಬಿದ್ದಿರುತ್ತದೆ. ಅಷ್ಟರಲ್ಲಿ ಮೈ ತಿರುಗಿಸಿರುತ್ತೇವೆ. ಎದೆಗಿಟ್ಟ ಗುರಿ ಹೊಟ್ಟೆಗೆ ತಾಗುತ್ತದೆ. ಹೊಟ್ಟೆಗೆ ಬಾಣ ನೆಟ್ಟ ಚಿಗರಿ ನಿಂತಲ್ಲೇ ಬೀಳುವುದಿಲ್ಲ, ಓಡುತ್ತದೆ. ತಾಸುಗಟ್ಟಲೆ ನರಳಿ ಯಾರದೋ ತೊಗರಿ ಹೊಲದಲ್ಲಿ ಸಾಯುತ್ತದೆ. ಬೇಟೆಗಾರನಿಗೆ ಮಾಂಸವೂ ಇಲ್ಲ, ಕೊಂಬೂ ಇಲ್ಲ. ಆದರೂ ನ್ಯಾಯ ಮಾತ್ರ ದಕ್ಕಿತು ಅನ್ನಿ.

ಹತ್ತಿರ ಬಂದು ಹೊಡೆದರಾಯಿತು. ಹಿರೇಬೆಣಕಲ್ಲಿನ ಬಂಡೆಗಳ ಮೇಲೆ ಬೇಟೆಯ ಚಿತ್ರಗಳೇ ಇವೆಯಲ್ಲ?

ಅದು ಗಂಗಾವತಿ ಸೀಮೆ ಕಣ್ರೀ, ಗುಂಡುಗಳ ಮೇಲೆ ಗುಂಡು ಪೇರಿಸಿದ ಗುಡ್ಡ. ಬಂಡೆಯ ಹಿಂದೆ ಕೂತವನಿಗೆ ಇಪ್ಪತ್ತು ಹೆಜ್ಜೆಯಲ್ಲಿ ಮಿಗ ಸಿಕ್ಕೀತು. ಅಲ್ಲೇ ಪಕ್ಕದ ಆನೆಗೊಂದಿಯನ್ನು ಕಿಷ್ಕಿಂಧೆ ಅಂತೀರಿ. ವಾಲಿ ಬಿದ್ದದ್ದೂ ಮರೆಯಿಂದ ಬಂದ ಬಾಣಕ್ಕೆ. ಅವನು ತಕರಾರು ತೆಗೆದಾಗ ವಾಲ್ಮೀಕಿಯ ರಾಮ ಕೊಟ್ಟ ಸಮಜಾಯಿಷಿಗಳಲ್ಲಿ ಒಂದು, ಮೃಗಗಳನ್ನು ಅಡಗಿ ಕೊಲ್ಲುವುದು ಮನುಷ್ಯರ ರೂಢಿ ಅನ್ನುವುದು. ರಾಮಬಾಣಕ್ಕೇ ಮರೆ ಬೇಕಾಯಿತು! ನಮ್ಮ ಬಯಲಲ್ಲಿ ಮರೆಯೆಲ್ಲಿ? ಕಡಲೆ ಗಿಡ ಮೊಣಕಾಲೆತ್ತರ. ಅದಕ್ಕೇ ರಾಜರು ಬಿಲ್ಲು ನೆಚ್ಚದೆ ಚೀತಾ ಸಾಕಿದರು; ನಾವು ಹೆದರದ ಎತ್ತಿನ ಬಂಡಿಯಲ್ಲಿ ಅದನ್ನು ಕೂರಿಸಿ ತಂದು ಬಿಡುತ್ತಿದ್ದರು. ಚೀತಾ ದೇಶದಲ್ಲಿ ಅಳಿಯಿತೆಂದು 1952ರಲ್ಲಿ ಸಾರಿದರು. ನಾವಿನ್ನೂ ಇದ್ದೇವೆ.

ಇದ್ದೀರಿ, ಅದಕ್ಕೇ ರೈತರು ಬೇಸತ್ತಿದ್ದಾರೆ. ಟೆಕ್ಸಾಸಿನಲ್ಲಿ ನಿಮ್ಮ ಕುಲದವರನ್ನೇ ದುಡ್ಡು ಕಟ್ಟಿ ಹೊಡೆಯುತ್ತಾರೆ. ಇಲ್ಲೂ ಸಂಖ್ಯೆ ತಗ್ಗಲಿ, ಆದಾಯವೂ ಬರಲಿ.

ಹಾವಳಿ ಸುಳ್ಳಲ್ಲ. ಹೆಸರು, ಕಡಲೆ ಎಳೆಯದಾಗಿದ್ದಾಗ ನಾವು ಹಿಂಡಾಗಿ ಇಳಿದರೆ ಹೊಲದ ಸುತ್ತ ಕಟ್ಟಿದ ಹಳೆ ಸೀರೆಗಳಿಂದ ಏನೂ ಆಗದು. ಆದರೆ ಟೆಕ್ಸಾಸಿನ ಲೆಕ್ಕ ಬೇರೆ. 1930ರ ದಶಕದಲ್ಲಿ ಒಯ್ದು ಬಿಟ್ಟ ನಮ್ಮವರು ಅಲ್ಲಿ ಖಾಸಗಿ ಜಮೀನಿನಲ್ಲಿದ್ದಾರೆ, ಮೇಯಿಸಿದವನಿಗೇ ದುಡ್ಡು. ಇಲ್ಲಿ ನಾವು ಮೇಯುವುದು ಒಬ್ಬನ ಹೊಲ, ನಿಲ್ಲುವುದು ಇನ್ನೊಬ್ಬನದು, ಸಾಯುವುದು ಮೂರನೆಯವನದು. ರೊಕ್ಕ ಯಾರಿಗೆ? ಮೇಲಾಗಿ ಬಿಲ್ಲಿನವನು ಕಣ್ಣಿಡುವುದು ಕಪ್ಪು ಮೈಯ, ತಿರುಚು ಕೊಂಬಿನ ನನ್ನಂಥ ಗಂಡಿನ ಮೇಲೆ. ಒಂದು ಗಂಡು ಹಲವು ಹೆಣ್ಣುಗಳನ್ನು ಕೂಡುತ್ತದೆ. ನಾನು ಸತ್ತರೆ ನನ್ನ ಜಾಗಕ್ಕೆ ಇನ್ನೊಬ್ಬ ಕಾದಿದ್ದಾನೆ. ಮರಿ ಹಾಕುವ ಹೆಣ್ಣುಗಳು ಹಾಗೇ ಉಳಿದರೆ ಹಿಂಡು ತಗ್ಗುವುದು ಹೇಗೆ? ಮರಿಗಳನ್ನು, ಕುಂಟುವವರನ್ನು ಹಿಡಿಯುವುದು ತೋಳ. ಗಂಗಾವತಿ ತಾಲೂಕಿನ ಬಂಕಾಪುರದಲ್ಲಿ ಅವುಗಳಿಗೊಂದು ಧಾಮವೇ ಇದೆ. ವೈರಿಯ ಪರ ವಕಾಲತ್ತು ಮಾಡುವುದು ನನಗೂ ಕಷ್ಟ, ಆದರೆ ನಿಜ ನಿಜವೇ.

ಹಾಗಾದರೆ ನಿಮ್ಮ ತೀರ್ಪು?

ಬಯಲಲ್ಲಿ ಬಿಲ್ಲು ದಂಡ. ಕಾನೂನಂತೂ ಮೊದಲೇ ಹೇಳಿದೆ: 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿ ನಾನಿದ್ದೇನೆ, ಹೊಡೆದವರಿಗೆ 3ರಿಂದ 7 ವರ್ಷ ಜೈಲು. ಆ ಕಾಯ್ದೆ ನನ್ನನ್ನು ಕಾಯುತ್ತದೆ. ನಾನು ಮೇಯ್ದ ಬೆಳೆಯ ಖರ್ಚನ್ನು ಮಾತ್ರ ಯಲಬುರ್ಗಾದ ರೈತ ಹೊರುತ್ತಾನೆ. ನಿಮ್ಮ ಪತ್ರಿಕೆಯಲ್ಲಿ ದಪ್ಪಕ್ಷರದಲ್ಲಿ ಬರೆಯಿರಿ: ಬೆಳೆ ಪರಿಹಾರ ಮರುಬಿತ್ತನೆಯ ಹದ ತಪ್ಪುವ ಮೊದಲೇ ಅವನ ಕೈ ಸೇರಲಿ.