ಭಾವಿ ವಕೀಲರು

ಬೆಂಗಳೂರಿನ ಗಾಂಧಿ ಬಜಾರಿನ ಪುಸ್ತಕ-ಪೆನ್ನಿನ ಅಂಗಡಿಗೆ ಜೂನ್ ತಿಂಗಳಲ್ಲಿ ಬರುವವರು ಶಾಲೆಯ ಮಕ್ಕಳ ತಂದೆತಾಯಿ. ದಸರಾ ಗೊಂಬೆ ಎತ್ತಿಟ್ಟ ಮೇಲೆ, ಯಾವ ಶಾಲೆಯೂ ಶುರುವಾಗದ ಹೊತ್ತಿನಲ್ಲಿ, 200 ಪುಟದ ಲಾಂಗ್‌ಬುಕ್ಕು, ಮೂರು ಬಣ್ಣದ ಹೈಲೈಟರು, ಒಂದಡಿ ಸ್ಕೇಲು ಕೇಳಿಕೊಂಡು ಮೂವತ್ತೈದರ ಗೃಹಸ್ಥರೊಬ್ಬರು ಬಂದರೆ, ಅವರು ಭಾವಿ ವಕೀಲರು. ಲಾಂಗ್‌ಬುಕ್ಕು, ಹೈಲೈಟರು ನಿಧಾನವಾಗಿ ಬೇಕಾಗುವಂಥವು. ಸ್ಕೇಲು ಮಾತ್ರ ಇವತ್ತೇ ಬೇಕು, ಟೈಮ್‌ಟೇಬಲ್ಲಿಗೆ ಗೆರೆ ಎಳೆಯಲಿಕ್ಕೆ. ಹಗಲು ಇವರಿಗೆ ಬ್ಯಾಂಕಿನಲ್ಲೋ ಕಂಪನಿಯಲ್ಲೋ ಪೂರ್ತಿ ದಿನದ ಕೆಲಸ. ಮದುವೆಮನೆಯ ಪಂಕ್ತಿಯಲ್ಲಿ ಯಾರಾದರೂ ‘ಏನು ಸಮಾಚಾರ’ ಎಂದರೆ ‘ಲಾ ಮಾಡೋಣ ಅಂತಿದೀನಿ’ ಎನ್ನುತ್ತಾರೆ. ಈ ‘ಅಂತಿದೀನಿ’ ಭೂತವಲ್ಲ, ವರ್ತಮಾನವಲ್ಲ, ಭವಿಷ್ಯತ್ತೂ ಅಲ್ಲ. ವ್ಯಾಕರಣಕಾರ ಕೇಶಿರಾಜನ ಕಣ್ಣಿಗೆ ಬೀಳದೆ ಉಳಿದ ಕಾಲ. ಹೋದ ವರ್ಷವೂ ಇದೇ ಉತ್ತರ, ಅದರ ಹಿಂದಿನ ವರ್ಷವೂ ಇದೇ. ಇದನ್ನು ಸೋಮಾರಿತನ ಎಂದು ನೆಂಟರು ತೀರ್ಮಾನಿಸಿದ್ದಾರೆ. ಟೈಮ್ ಸಿಗುತ್ತಿಲ್ಲ ಎಂದು ಭಾವಿ ವಕೀಲರೇ ಹೇಳಿಕೊಳ್ಳುತ್ತಾರೆ. ಎರಡೂ ತಪ್ಪೆಂದು ತೋರಿಸುವುದು ಕಷ್ಟವಲ್ಲ.

ಮೊದಲು ಪರೀಕ್ಷೆಯ ವಿಚಾರ. ಡಿಗ್ರಿ ಮುಗಿಸಿದವರು ನಮ್ಮಲ್ಲಿ ಮೂರು ವರ್ಷದ ಎಲ್‌ಎಲ್‌ಬಿ ಸೇರಲು ಪ್ರವೇಶ ಪರೀಕ್ಷೆ ಬರೆಯಲೇಬೇಕೆಂದಿಲ್ಲ. 2009ರಲ್ಲಿ ಹುಬ್ಬಳ್ಳಿಯಲ್ಲಿ ಶುರುವಾದ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಕಾಲೇಜುಗಳಿಗೆ, ಸಾಮಾನ್ಯ ವರ್ಗದವರಾದರೆ, ಡಿಗ್ರಿಯಲ್ಲಿ ಶೇ. 45 ಅಂಕ ಸಾಕು. ಗಾಂಧಿ ಬಜಾರಿನಿಂದ ನಡೆದೇ ಹೋಗಬಹುದಾದ ಬುಲ್ ಟೆಂಪಲ್ ರಸ್ತೆಯಲ್ಲೇ ಬಿ.ಎಂ.ಎಸ್. ಕಾನೂನು ಕಾಲೇಜಿದೆ. ಆದರೆ ನಡೆದು ಹೋಗಬಹುದಾದ ಕಾಲೇಜಿಗೆ ಯೋಜನೆ ಏಕೆ ಬೇಕು? ಚಪ್ಪಲಿ ಸಾಕು. ಆದ್ದರಿಂದ ಭಾವಿಯವರ ಕಣ್ಣು ನಾಗರಬಾವಿಯ ಮೇಲೆ. ಅಲ್ಲಿನ ರಾಷ್ಟ್ರೀಯ ಕಾನೂನು ಶಾಲೆ 2022ರಲ್ಲಿ ಮೂರು ವರ್ಷದ ಎಲ್‌ಎಲ್‌ಬಿ ಆರಂಭಿಸಿತು, ಅದಕ್ಕೆ ಎನ್‌ಎಲ್‌ಸ್ಯಾಟ್ ಎಂಬ ಪರೀಕ್ಷೆ ಇಟ್ಟಿತು. 150 ನಿಮಿಷ, 150 ಅಂಕ. ಅರ್ಧ ಟಿಕ್ ಹಾಕುವುದು, ಅರ್ಧ ಬರೆಯುವುದು. ತಪ್ಪು ಟಿಕ್ಕಿಗೆ ಕಾಲು ಅಂಕ ಖೋತಾ. ಓದಿ ಗ್ರಹಿಸಬಲ್ಲಿರಾ, ತರ್ಕ ಮಾಡಬಲ್ಲಿರಾ, ಪೇಪರು ನೋಡುತ್ತೀರಾ ಎಂದು ಅಲ್ಲಿ ಕೇಳುತ್ತಾರೆಯೇ ಹೊರತು ಸೆಕ್ಷನ್ನು ಬಾಯಿಪಾಠ ಒಪ್ಪಿಸಲು ಹೇಳುವುದಿಲ್ಲ. ಹಾಗಿದ್ದೂ ಭಾವಿಯವರು ಮೊದಲ ವಾರವೇ ಅವೆನ್ಯೂ ರಸ್ತೆಗೆ ಹೋಗಿ ಸೆಕೆಂಡ್‌ಹ್ಯಾಂಡಿನಲ್ಲಿ ಭಾರತೀಯ ದಂಡ ಸಂಹಿತೆ ತಂದು, ಬೈಂಡು ಹಾಕಿ, ಹೆಸರು ಬರೆದು ಇಟ್ಟರು. 1860ರಲ್ಲಿ ಹುಟ್ಟಿದ ಸಂಹಿತೆ ಬ್ರಿಟಿಷರು ಹೋದದ್ದನ್ನು ನೋಡಿತ್ತು, ತುರ್ತುಪರಿಸ್ಥಿತಿಯನ್ನು ನೋಡಿತ್ತು. ಭಾವಿಯವರು ನಾಲ್ಕನೆಯ ಸಲ ಟೈಮ್‌ಟೇಬಲ್ಲು ತಿದ್ದುತ್ತಿದ್ದಾಗ, 2024ರ ಜುಲೈ 1ರಂದು, ಅದರ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂತು. ಕೊಲೆಯ 302 ಹೋಗಿ 103 ಆಯಿತು. ನಾಡಿನ ಬೈಗುಳವೇ ಆಗಿಹೋಗಿದ್ದ 420 ಹೋಗಿ 318 ಆಯಿತು. ಕಾನೂನು ಓದುವ ಯೋಜನೆ ಕಾನೂನಿಗಿಂತ ಗಟ್ಟಿಯಾಗಿ ಉಳಿದ ಉದಾಹರಣೆ ನ್ಯಾಯಶಾಸ್ತ್ರದ ಚರಿತ್ರೆಯಲ್ಲಿ ಹೆಚ್ಚಿರಲಾರದು.

ಇನ್ನು ಟೈಮ್ ಇಲ್ಲ ಎಂಬ ವಾದ. ವಾರಕ್ಕೆ 168 ಗಂಟೆ. ಆಫೀಸಿಗೆ 45, ಹೋಗಿಬರಲು 12, ನಿದ್ದೆಗೆ 49, ಸ್ನಾನ-ಊಟ-ಕಾಫಿಗೆ ಉದಾರವಾಗಿ 21 ಕೊಟ್ಟರೂ 41 ಗಂಟೆ ಮಿಗುತ್ತದೆ. ಈ ಲೆಕ್ಕ ನನ್ನದಲ್ಲ, ಬೀರುವಿನ ಬಾಗಿಲಿಗೆ ಪಂಚಾಂಗದ ಪಕ್ಕ ಅಂಟಿಸಿದ ಅವರ ಟೈಮ್‌ಟೇಬಲ್ಲಿನದೇ. ಸೋಮಾರಿಗಳು ಇಂಥದನ್ನು ಮಾಡಲಾರರು. ಬೆಳಗಿನ 5ರಿಂದ 6:30 ಹಸಿರು, ರಾತ್ರಿ 9ರಿಂದ 10:30 ಗುಲಾಬಿ, ಕೊನೆಯಲ್ಲಿ ‘ಬಾಕಿ’ ಎಂಬ ಕಾಲಂ. ಓದು ಶುರುವಾಗುವ ಮುಂಚೆಯೇ ಬಾಕಿಗೆ ಜಾಗ ಬಿಟ್ಟಿರುವುದನ್ನು ಗಮನಿಸಬೇಕು. ಎಲೆಕ್ಟ್ರಾನಿಕ್ ಸಿಟಿಗೆ ಹೋಗುವ ಭಾವಿಗಳಂತೂ ಸಿಲ್ಕ್ ಬೋರ್ಡಿನಲ್ಲಿ ಸ್ಕೂಟರ್ ನಿಲ್ಲಿಸಿಕೊಂಡು, ಮೆಟ್ರೋ ಬಂದುಬಿಟ್ಟರೆ ದಾರಿಯಲ್ಲೇ ಅರ್ಧ ಸಿಲಬಸ್ ಮುಗಿಯುತ್ತದೆ ಎಂದು ವರ್ಷಗಟ್ಟಲೆ ಹೇಳಿದರು. 2025ರ ಆಗಸ್ಟ್ 10ರಂದು ಹಳದಿ ಮಾರ್ಗ ಬಂದೇಬಿಟ್ಟಿತು. ನ್ಯಾಷನಲ್ ಕಾಲೇಜ್ ಸ್ಟೇಷನ್ನಿನಲ್ಲಿ ಹತ್ತಿ ಆರ್.ವಿ. ರಸ್ತೆಯಲ್ಲಿ ಬದಲಾಯಿಸಿದರಾಯಿತು. ಮೊದಮೊದಲು 25 ನಿಮಿಷಕ್ಕೊಂದು ರೈಲು. ಆ ಕಾಯುವ ಹೊತ್ತನ್ನು ಅವರು ‘ಕ್ರಿಟಿಕಲ್ ರೀಸನಿಂಗ್’ ಎಂದು ನಮೂದಿಸಿಕೊಂಡರು. ಬರಬರುತ್ತ ರೈಲು ಹೆಚ್ಚಾದವು, ಕಾಯುವುದು ಕಡಿಮೆಯಾಯಿತು, ಸಿಲಬಸ್ಸಿನ ಆ ಭಾಗಕ್ಕೆ ಈಗ ಜಾಗವೇ ಇಲ್ಲ ಎಂದು ಕೊರಗಿದರು.

ಸಮಯವೂ ಇದೆ, ಶ್ರದ್ಧೆಯೂ ಇದೆ ಎಂದಾದರೆ ಕೊರತೆ ಯಾವುದು? ಒಂದು ಕಾಲೇಜು ನಡೆಯಲು ಕನಿಷ್ಠ ಮೂವರು ಬೇಕು. ಟೈಮ್‌ಟೇಬಲ್ ಹಾಕುವ ಪ್ರಿನ್ಸಿಪಾಲರು, ಕೂತು ಓದುವ ವಿದ್ಯಾರ್ಥಿ, ಗಂಟೆ ಹೊಡೆಯುವ ಜವಾನ. ಹಿಂದಿನ ತಲೆಮಾರಿನಲ್ಲಿ, ಇದೇ ಬಸವನಗುಡಿ-ಚಾಮರಾಜಪೇಟೆಗಳ ಗುಮಾಸ್ತರು ಆಫೀಸು ಬಿಟ್ಟು ನೇರ ಸಂಜೆ ಕಾಲೇಜಿಗೆ ಹೋಗಿ ಲಾ ಮುಗಿಸಿಕೊಳ್ಳುತ್ತಿದ್ದ ಕಾಲದಲ್ಲಿ, ಮೂರರಲ್ಲಿ ಎರಡು ಹುದ್ದೆ ಕಾಲೇಜಿನದಾಗಿತ್ತು. ಇವರು ಅರ್ಧ ನಿದ್ದೆಯಲ್ಲಾದರೂ ಬೆಂಚಿನ ಮೇಲೆ ಇದ್ದರೆ ಸಾಕು, ಮಿಕ್ಕದ್ದನ್ನು ಗಂಟೆ ನೋಡಿಕೊಳ್ಳುತ್ತಿತ್ತು. ಆಮೇಲೆ ಬಾರ್ ಕೌನ್ಸಿಲಿನ 2008ರ ನಿಯಮಗಳು ಲಾ ತರಗತಿ ಬೆಳಿಗ್ಗೆ 8ರಿಂದ ಸಂಜೆ 7ರೊಳಗೆ ನಡೆಯಬೇಕೆಂದವು. ಹಾಜರಿ ವಿಷಯಕ್ಕೆ ಶೇ. 70 ಎಂದವು. ವಕೀಲಿಕೆ ಅರೆಹೊತ್ತಿನ ವಿದ್ಯೆಯಲ್ಲ ಎಂಬ ಕೌನ್ಸಿಲಿನ ಮಾತನ್ನು ತಳ್ಳಿಹಾಕುವಂತಿಲ್ಲ. ಆದರೆ ಕೆಲಸದಲ್ಲಿರುವವನಿಗೆ ಉಳಿದದ್ದು ಏನೆಂದರೆ, ತಾನೇ ಒಂದು ಸಂಜೆ ಕಾಲೇಜಾಗುವುದು. ಅವನೊಳಗಿನ ಪ್ರಿನ್ಸಿಪಾಲರು ಅಪ್ರತಿಮರು. ವಿದ್ಯಾರ್ಥಿಯೂ ಪರವಾಗಿಲ್ಲ, ಬುದ್ಧಿವಂತ. ಜವಾನನ ಹುದ್ದೆ ಮಾತ್ರ ಖಾಲಿ. ಬೆಳಿಗ್ಗೆ 5ಕ್ಕೆ ಮೊಬೈಲು ಗಂಟೆ ಹೊಡೆಯುತ್ತದಲ್ಲ ಎನ್ನಬಹುದು. ಹೊಡೆಯುತ್ತದೆ, ಆದರೆ ಮುಖದ ಮೇಲೆ ಬೆರಳಿಟ್ಟರೆ ಸುಮ್ಮನಾಗುವ ಜವಾನನನ್ನು ಯಾವ ಕಾಲೇಜೂ ಇಟ್ಟುಕೊಳ್ಳುವುದಿಲ್ಲ. ಆನ್‌ಲೈನ್ ಕೋಚಿಂಗಿನದೂ ಇದೇ ಕಥೆ. ಅಲ್ಲಿ ಪಾಠ ತಪ್ಪಿದರೆ ರೆಕಾರ್ಡಿಂಗ್ ಸಿಗುತ್ತದೆ, ರೆಕಾರ್ಡಿಂಗ್ ಸಿಗುವುದರಿಂದ ಪಾಠ ತಪ್ಪುತ್ತದೆ. ಒಂದೂವರೆ ಪಟ್ಟು ವೇಗದಲ್ಲಿ ನೋಡಿ ಮುಗಿಸೋಣ ಎಂದು ಎತ್ತಿಟ್ಟ ಪಾಠಗಳು ಉಪ್ಪಿನಕಾಯಿಯ ಜಾಡಿಯಂತೆ ವರ್ಷ ತುಂಬಿ ಕೂತಿವೆ.

ಕೆಲಸ ಮಾಡಿಕೊಂಡೇ ಪಾಸಾದವರು ಇಲ್ಲವೇ, ಅವರಿಗೆ ಯಾವ ಜವಾನನಿದ್ದ ಎಂಬ ಆಕ್ಷೇಪ ನ್ಯಾಯವಾದದ್ದು. ಖಂಡಿತ ಇದ್ದಾರೆ. ಅವರು ಈ ಚಿತ್ರದಲ್ಲಿ ಕಾಣದಿರುವುದಕ್ಕೆ ಕಾರಣ ಸರಳ: ಶನಿವಾರ ಸಂಜೆ ಗಾಂಧಿ ಬಜಾರಿನಲ್ಲಿ ಕಣ್ಣಿಗೆ ಬೀಳುವ ಭಾವಿ ವಕೀಲ ಎಂದರೆ ಆ ಹೊತ್ತಿನಲ್ಲಿ ಓದುತ್ತಿಲ್ಲದ ಭಾವಿ ವಕೀಲ. ಓದುತ್ತಿರುವವರನ್ನು ವಿಚಾರಿಸಿದರೆ ಎಲ್ಲೋ ಒಬ್ಬ ಜವಾನ ಇದ್ದೇ ಇರುತ್ತಾನೆ. ಹೊತ್ತಾದ ಕೂಡಲೇ ಬಾಗಿಲೆಳೆಯುವ ಲೈಬ್ರರಿಯವರು, ‘ಎಷ್ಟಾಯ್ತೋ?’ ಎಂದು ದಿನಾ ಫೋನು ಮಾಡುವ ಗೆಳೆಯ, ಟೀವಿಯ ರಿಮೋಟನ್ನು ಸೆರಗಿನಲ್ಲಿ ಕಟ್ಟಿಕೊಂಡು ಓಡಾಡುವ ಅಮ್ಮ. ಹಾಗಾದರೆ ಕೆಲಸ ಬಿಟ್ಟು ಓದಲಿ ಎಂಬುದು ಎರಡನೆಯ ಆಕ್ಷೇಪ. ಇದನ್ನು ಹೇಳುವವರು ಮನೆಯ ಸಾಲದ ಕಂತು ಕಟ್ಟಿದವರಲ್ಲ. ಅದಲ್ಲದೆ ಪಾಸಾದರೆ ಹೇಗೂ ಬಿಡಬೇಕಾಗಿ ಬರುವ ಕೆಲಸವನ್ನು ಈಗಲೇ ಏಕೆ ಬಿಡುವುದು? 2024ರ ಸುತ್ತೋಲೆಯೊಂದರಲ್ಲಿ ಬಾರ್ ಕೌನ್ಸಿಲ್, ನೌಕರಿ ಮಾಡುತ್ತ ಲಾ ಓದುವವರು ಮಾಲೀಕರ ಒಪ್ಪಿಗೆಪತ್ರ ತರಬೇಕೆಂದಿದೆ. ಒಂದು ದಿನದ ರಜೆಗೇ ಮುಖ ಗಂಟಿಕ್ಕುವ ಮ್ಯಾನೇಜರು ಮೂರು ವರ್ಷಕ್ಕೆ ಬರೆದುಕೊಡುವ ಪತ್ರ ಹೇಗಿದ್ದೀತು ಎಂಬುದೇ ಒಳ್ಳೆಯ ಪ್ರಬಂಧದ ಪ್ರಶ್ನೆ. ಇನ್ನು ಎನ್‌ಎಲ್‌ಸ್ಯಾಟ್ ಪರೀಕ್ಷೆ ಈಚೆಗೆ ಮಾರ್ಚ್-ಏಪ್ರಿಲ್‌ನಲ್ಲಿ ಬರುತ್ತಿದೆ. ಬ್ಯಾಂಕಿನವರಿಗೆ ಅದು ವರ್ಷದ ಲೆಕ್ಕ ಮುಗಿಸುವ ಕಾಲ, ಬಸವನಗುಡಿಯವರಿಗೆ ರಾಮೋತ್ಸವದ ಕಚೇರಿಗಳ ಕಾಲ. ಎರಡೂ ಆಗಿರುವವರಿಗೆ ಮುಂದಿನ ವರ್ಷದ ಕಾಲ. ಅಷ್ಟಕ್ಕೂ ಡಿಗ್ರಿ ಬೇಕೇ ಬೇಕೇ ಎಂದು ಪಕ್ಕದ ಡಿ.ವಿ.ಜಿ. ರಸ್ತೆಯನ್ನು ತೋರಿಸುವವರೂ ಉಂಟು: ಮೆಟ್ರಿಕ್ಯುಲೇಷನ್ ದಾಟದ ಸಾಹಿತಿ ಡಿ.ವಿ.ಜಿ.ಯವರಿಗೆ ಮೈಸೂರು ವಿಶ್ವವಿದ್ಯಾಲಯವೇ ಡಿ.ಲಿಟ್. ಕೊಟ್ಟಿತಲ್ಲ! ಕೊಟ್ಟಿತು. ಆದರೆ ಡಿ.ವಿ.ಜಿ. ಟೈಮ್‌ಟೇಬಲ್ಲಿನ ಬಾಕಿ ಕಾಲಮ್ಮಿಗೆ ಹೈಲೈಟರು ಬಳಿಯುತ್ತ ಕೂತವರಲ್ಲ.

ಜವಾನನಿದ್ದರೆ ಇವರು ಓದಿಯೇ ಓದುತ್ತಾರೆ ಎಂಬುದಕ್ಕೆ ಸಾಕ್ಷಿ ಬೇಕಾದರೆ ಭಾನುವಾರ ಬೆಳಿಗ್ಗೆ ವಿದ್ಯಾರ್ಥಿ ಭವನದ ಮುಂದೆ ನಿಲ್ಲಬೇಕು. 1943ರಲ್ಲಿ ಸುತ್ತಲಿನ ವಿದ್ಯಾರ್ಥಿಗಳಿಗೆಂದೇ ಹುಟ್ಟಿ ಆ ಹೆಸರು ಪಡೆದ ಹೋಟೆಲಿನ ಬಾಗಿಲಲ್ಲಿ ಒಬ್ಬರು ಚೀಟಿ ಹಿಡಿದು ನಿಂತಿರುತ್ತಾರೆ. ಭಾವಿ ವಕೀಲರು ಹೆಸರು ಬರೆಸಿ, ‘ಇಬ್ಬರು’ ಎಂದು ಹೇಳಿ, ಫುಟ್‌ಪಾತಿಗೆ ಬಂದು ನಿಲ್ಲುತ್ತಾರೆ. ಹೂವಿನವರ ಕೂಗು, ಸ್ಕೂಟರಿನ ಹಾರ್ನು, ಒಳಗಿನಿಂದ ತುಪ್ಪದ ವಾಸನೆ. ಮಾಡಲು ಬೇರೇನೂ ಇಲ್ಲ, ಜಾಗ ಬಿಟ್ಟು ಹೋಗುವಂತಿಲ್ಲ. ಮೊಬೈಲು ತೆಗೆದು, ಮೂರು ವಾರದಿಂದ ತೆರೆಯದ ಪ್ರಚಲಿತ ವಿದ್ಯಮಾನದ ಪಿಡಿಎಫ್ ತೆರೆದು, ಕಂಬಕ್ಕೆ ಒರಗಿ ನಲವತ್ತು ನಿಮಿಷ ಒಂದೇ ಸಮನೆ ಓದುತ್ತಾರೆ. ಹೆಂಡತಿ ಏನೋ ಕೇಳಿದರೆ ಒಂದು ಬೆರಳೆತ್ತಿ ‘ತಾಳು’ ಎನ್ನುತ್ತಾರೆ. ಅಷ್ಟರಲ್ಲಿ ಬಾಗಿಲಿನಿಂದ ಹೆಸರು ಕೂಗುತ್ತಾರೆ. ಎರಡನೆಯ ಸಲ ಕೂಗಿಸಿಕೊಳ್ಳುವುದಿಲ್ಲ, ಒಂದೇ ನೆಗೆತಕ್ಕೆ ಒಳಗೆ. ಶುಕ್ರವಾರ ಹೋಟೆಲಿಗೆ ರಜ. ಟೈಮ್‌ಟೇಬಲ್ಲಿನಲ್ಲಿ ಅಣಕು ಪರೀಕ್ಷೆ ಬಿದ್ದಿರುವುದು ಶುಕ್ರವಾರಕ್ಕೆ.