ಹುಷಾರಿಲ್ಲದ ಲಾಟ್‌ಸಾಹೇಬ

ಅಮೆರಿಕದ ಪ್ರಜೆಯಾಗಲು ಚರಿತ್ರೆಯ ಪರೀಕ್ಷೆಯೂ ಉಂಟೆಂದು ಬಿಂಡಿಗನವಿಲೆಯ ನಮ್ಮ ಜಗಲಿಗೆ ತಿಳಿದದ್ದು ಅಣ್ಣನ ಮಗ ಫೋನಿನಲ್ಲಿ ಗೋಳಾಡಿದಾಗ. ಪಟ್ಟಿಯಲ್ಲಿ 128 ಪ್ರಶ್ನೆ. ಅಧಿಕಾರಿ ಎದುರು ಕೂರಿಸಿಕೊಂಡು 20ರವರೆಗೆ ಕೇಳುತ್ತಾನೆ, 12 ಸರಿಯಾದರೆ ಪಾಸು. ಮೊದಲು ಪಟ್ಟಿ ನೂರರದ್ದು. 2025ರ ಅಕ್ಟೋಬರಿನಿಂದ ಏರಿಸಿದ್ದಾರೆ. ಪ್ರಶ್ನೆ, ಉತ್ತರ ಎರಡನ್ನೂ ಸರ್ಕಾರವೇ ಮುಂಚಿತವಾಗಿ ಕೊಡುತ್ತದೆ. ನಮ್ಮ ಕಾಲದಲ್ಲಿ ಇದಕ್ಕೆ ಪೇಪರ್ ಔಟಾಗಿದೆ ಎನ್ನುತ್ತಿದ್ದರು.

“ಕೇಳಿ ಚಿಕ್ಕಪ್ಪ, ಸ್ವಾತಂತ್ರ್ಯ ಯುದ್ಧದ ಒಂದು ಮುಖ್ಯ ಘಟನೆ: ಯಾರ್ಕ್‌ಟೌನ್. ಬ್ರಿಟಿಷರು ಅಲ್ಲಿ ಶರಣಾದ್ರು.”

“ಶರಣಾದೋನು ಯಾರ್ಲಾ?”

“ಅದು ಸಿಲಬಸ್ಸಲ್ಲಿಲ್ಲ.”

ನಮ್ಮ ಸಿಲಬಸ್ಸಿನಲ್ಲಿದೆ. ಕಾರ್ನ್‌ವಾಲಿಸ್! 1781ರ ಅಕ್ಟೋಬರ್ 19ರಂದು ಕತ್ತಿ ಒಪ್ಪಿಸುವ ಹೊತ್ತಿಗೆ ಸರಿಯಾಗಿ ಆ ಮಹಾರಾಯನಿಗೆ ಮೈ ಹುಷಾರು ತಪ್ಪಿತು. ಕೈಕೆಳಗಿನ ಓಹಾರಾನನ್ನು ಕಳಿಸಿದ. ಲೆಕ್ಕದ ಪರೀಕ್ಷೆಯ ದಿನ ನನಗೂ ಹೊಟ್ಟೆನೋವು ಬರುತ್ತಿತ್ತು, ಆದರೆ ಯಾರೂ ನನ್ನನ್ನು ಗವರ್ನರ್ ಜನರಲ್ ಮಾಡಲಿಲ್ಲ. ಅವನನ್ನು ಮಾಡಿದರು, 1786ರಲ್ಲಿ. ಅಲ್ಲಿ ಕಳೆದದ್ದನ್ನು ಇಲ್ಲಿ ಹುಡುಕುತ್ತಾ 1791ರಲ್ಲಿ ಶ್ರೀರಂಗಪಟ್ಟಣದ ಮುಂದೆ ಬಂದು ನಿಂತ. ಮಳೆ ಹಿಡಿಯಿತು, ಎತ್ತುಗಳು ಸತ್ತವು, ದಪ್ಪ ಫಿರಂಗಿಗಳನ್ನು ತಾನೇ ಹಾಳುಗೆಡವಿ ಬೆಂಗಳೂರಿನ ದಾರಿ ಹಿಡಿದ. ಮರುವರ್ಷ ಮರುಪರೀಕ್ಷೆಯಲ್ಲಿ ಪಾಸು: ಟಿಪ್ಪುವಿನ ಅರ್ಧ ರಾಜ್ಯ, 3 ಕೋಟಿ 30 ಲಕ್ಷ ರೂಪಾಯಿ, ಒತ್ತೆಗೆ ಇಬ್ಬರು ಎಳೆಯ ಮಕ್ಕಳು. (ಈ ಮಕ್ಕಳ ವಿಷಯ ಬಂದಾಗ ಮಾತ್ರ ನನಗೆ ತಮಾಷೆ ಹೊಳೆಯುವುದಿಲ್ಲ.)

“ರಾಷ್ಟ್ರಗೀತೆ ಪ್ರಶ್ನೇನೂ ಅದಾ?”

“ಇದೆ. ಹೆಸರು ಹೇಳಿದ್ರೆ ಸಾಕು.”

“ಅದ್ರೊಳಗೆ ಹಾರೋ ರಾಕೆಟ್ಟು ಎಲ್ಲೀದ್ಲಾ?”

ಫೋನು ಗಪ್‌ಚಿಪ್. ಮೈಸೂರಿನ ಕಬ್ಬಿಣದ ಕೊಳವೆಯ ರಾಕೆಟ್ಟಿಗೆ ನಮ್ಮವರು ಕರೆಯುತ್ತಿದ್ದದ್ದು ಬಾಣ ಎಂದೇ. ಅದರ ಪೆಟ್ಟು ತಿಂದ ಇಂಗ್ಲಿಷರು 1799ರಲ್ಲಿ ಪಟ್ಟಣ ಬಿದ್ದ ಮೇಲೆ ಹೊತ್ತೊಯ್ದರು. ಅವರಲ್ಲಿ ಕಾಂಗ್ರೀವ್ ಎಂಬವನು ಅದೇ ಜಾಡಿನಲ್ಲಿ ತನ್ನದೊಂದನ್ನು ಮಾಡಿದ. 1814ರಲ್ಲಿ ಅದು ಬಾಲ್ಟಿಮೋರಿನ ಕೋಟೆಯ ಮೇಲೆ ಹಾರಿತು. ನೋಡಿದ ವಕೀಲನೊಬ್ಬ ಪದ್ಯ ಬರೆದ. ನಮ್ಮ ಬಾಣ, ಅವರ ಗೀತೆ.

ಹುಡುಗ ಪಾಸಾದ. ಹೊಸ ಪಾಸ್‌ಪೋರ್ಟಿನ ಫೋಟೋ ಕಳಿಸಿದ. ರಟ್ಟಿನ ಮೇಲೆ ರೆಕ್ಕೆ ಬಿಚ್ಚಿದ ಹದ್ದು, ಒಂದು ಕಾಲಲ್ಲಿ ಬಾಣದ ಕಟ್ಟು. ಹುಟ್ಟಿದಾಗಿನಿಂದ ಬಿಂಡಿಗನವಿಲೆಯ ಗರುಡೋತ್ಸವ ನೋಡಿದ ಅತ್ತಿಗೆ ಕನ್ನಡಕ ಏರಿಸಿಕೊಂಡರು.

“ನಮ್ಮ ಗರುಡಸ್ವಾಮೀನೇ ಅಲ್ವಾ! ಹಾವೆಲ್ಲಿ ಬುಟ್ಬುಟ್ಟು ಬಂದವ್ನೆ?”