ಬಾರದವರಿಗೇ ಮಣೆ

ತಮಿಳುನಾಡಿನ ತೇನಿ ಕಡೆಯ ಆಂಡಿಪಟ್ಟಿಯಲ್ಲಿ ಮರ್ಯಾದೆ ಗಿಟ್ಟಿಸಬೇಕೆಂದರೆ ಇರುವುದೊಂದೇ ಉಪಾಯ: ಆ ಕಡೆ ತಲೆ ಹಾಕಬಾರದು. ಸುಮ್ಮನೆ ಹೇಳುತ್ತಿಲ್ಲ. 1984ರ ಡಿಸೆಂಬರ್ ಚುನಾವಣೆಗೆ ಮುಖ್ಯಮಂತ್ರಿ ಎಂ.ಜಿ.ಆರ್. ಇಲ್ಲಿಂದ ನಿಂತಾಗ ಅವರು ಮಲಗಿದ್ದದ್ದು ನ್ಯೂಯಾರ್ಕಿನ ಬ್ರೂಕ್ಲಿನ್ನಿನ ಆಸ್ಪತ್ರೆಯಲ್ಲಿ. ಊರಿಗೆ ಕಾಲಿಡಲಿಲ್ಲ, ಓಣಿಯಲ್ಲಿ ನಿಂತು ಕೈ ಮುಗಿಯಲಿಲ್ಲ. ಆಸ್ಪತ್ರೆಯಲ್ಲಿ ತೆಗೆದ ಚಿತ್ರವನ್ನು ಊರೂರಲ್ಲಿ ತೋರಿಸಿದರು, ಗೆದ್ದೇಬಿಟ್ಟರು! ನಾನೋ, ಬೆಂಗಳೂರಿನಿಂದ ರಾತ್ರಿಯಿಡೀ ನಿದ್ದೆಗೆಟ್ಟು ಮಧುರೆಗೆ ಬಂದು, ಬೋಡಿ ರೈಲು ಹತ್ತಿ, ಕಣಿವೆಯ ಗಾಳಿಗೆ ತಲೆ ಕೆದರಿಕೊಂಡು ಇಳಿದರೆ, ನಾನು ಹಿಂದೆ ಕೆಲಸಕ್ಕಿದ್ದ ನೂಲಿನ ಅಂಗಡಿಯ ಗುಮಾಸ್ತರ ಮೊದಲ ಮಾತು: “ಏನಪ್ಪಾ, ಕೆಲಸ ಹೋಯ್ತಾ?”

ಆ ರೈಲಿನ ಕತೆಯೂ ಅಷ್ಟೇ. 1928ರಲ್ಲಿ ಹಾಕಿದ ಹಳಿ. ಓಡುತ್ತಿದ್ದಷ್ಟು ದಿನ ‘ಇದಕ್ಕಿಂತ ನಡೆದು ಹೋಗೋದು ವಾಸಿ’ ಅಂದವರನ್ನು ನಾನೇ ಕೇಳಿದ್ದೇನೆ. ಬ್ರಾಡ್‌ಗೇಜ್ ಮಾಡುತ್ತೇವೆಂದು 2010ರ ಕೊನೆಗೆ ನಿಲ್ಲಿಸಿದರು ನೋಡಿ, ಆಗ ಶುರುವಾಯಿತು ಪ್ರೀತಿ. 2022ರ ಮೇನಲ್ಲಿ ತೇನಿಯವರೆಗೆ ಮತ್ತೆ ಬಂದಾಗ ಮಗಳ ಮದುವೆಗೆ ಬಂದ ಬೀಗರಿಗೂ ಅಷ್ಟು ಉಪಚಾರ ಇರಲಿಕ್ಕಿಲ್ಲ. ಇನ್ನು ತೇನಿಯ ನಿರ್ದೇಶಕ ಭಾರತಿರಾಜ, 1977ರಲ್ಲಿ ತಮ್ಮ ಮೊದಲ ಚಿತ್ರ ‘16 ವಯದಿನಿಲೆ’ಗೆ ತಮಿಳು ಹಳ್ಳಿ ಹುಡುಕಿಕೊಂಡು ಬಂದದ್ದು ನಮ್ಮ ಮೈಸೂರು, ಕೊಳ್ಳೇಗಾಲದ ಕಡೆಗೆ. ಊರವರಿಗೆ ಮುನಿಸೇ? ಛೇ, ಹೆಮ್ಮೆ!

ಆಂಡಿಪಟ್ಟಿಯ ಪಕ್ಕದ ಸಕ್ಕಂಪಟ್ಟಿಯಲ್ಲಿ ಅದೇ ಅಂಗಡಿಯ ಹಳೇ ಸಹೋದ್ಯೋಗಿ ಈಗ ಹತ್ತಿ ಸೀರೆ ನೇಯುತ್ತಾನೆ. ನನ್ನನ್ನು ಕಂಡು ಮಗ್ಗದಿಂದ ಏಳಲಿಲ್ಲ. ಕಾಲು ತುಳಿಯುತ್ತಿತ್ತು, ಕೈ ಹಗ್ಗ ಜಗ್ಗುತ್ತಿತ್ತು, ಲಾಳಿ ಅತ್ತಿಂದಿತ್ತ ಓಡುತ್ತಿತ್ತು. ಆ ಟಕಟಕದ ಸಂದಿಯಲ್ಲೇ ನನ್ನ ಮಾತು ನುಸುಳಬೇಕು. ಪ್ರಮೋಷನ್ ಸುದ್ದಿಯನ್ನು ಬಹಳ ನಯವಾಗಿ ತಂದು ಮುಂದಿಡುವ ಹೊತ್ತಿಗೆ ಒಂದೆಳೆ ಪಟ್ಟೆಂದು ಹರಿಯಿತು. ಬಗ್ಗಿ ತುದಿ ಹುಡುಕಿ, ಎರಡು ಬೆರಳಲ್ಲಿ ಹೊಸೆದು, ಗಂಟು ಬಿಗಿದು ಹೇಳಿದ: “ಅಂಗಡಿಯಲ್ಲಿದ್ದಾಗಲೂ ಹೀಗೇ. ನೀನು ಬಾಯಿ ಬಿಟ್ಟರೆ ನೂಲು ತಡೆಯಲ್ಲ.”

ಕಂಬಂಗೆ ರೈಲಿಲ್ಲ, ಬಸ್ಸೇ ಗತಿ. ಅಲ್ಲಿ ಸೋದರಮಾವನ ಮನೆ. ತಲೆಮಾರುಗಳ ಹಿಂದೆ ಕನ್ನಡ ನಾಡಿನಿಂದ ಬಂದ ಕಪ್ಪಿಲಿಯರು ನಾವು. ಬೀದಿಯಲ್ಲಿ ತಮಿಳು, ಒಲೆಯ ಮುಂದೆ ಕನ್ನಡ. ನಂದಗೋಪಾಲನ ದೊಡ್ಡಿಯಲ್ಲಿ ನಮ್ಮವರು ದನಗಳಿಗೇ ಪೂಜೆ ಮಾಡುತ್ತಾರೆ. ಅದನ್ನೇ ಹಿಡಿದರು ಮಾವ: “ಬೆಟ್ಟಕ್ಕೆ ಮೇಯಲು ಹೋದ ದನ ತಾನಾಗಿ ಬಂದರೆ ಸಂತೋಷ ಕಣೋ. ನೀನು ತಾನಾಗಿ ಬಂದರೆ, ಎಲ್ಲಿ ಜಮೀನಿನ ಪಾಲು ಕೇಳ್ತೀಯೋ ಅಂತ ಎದೆ ಡವಡವ.” ಹೇಳಿದ್ದು ತಮಾಷೆಗೆ. ಆದರೆ ದಾಖಲೆಪತ್ರಗಳ ಟ್ರಂಕಿನ ಮೇಲಿಂದ ಮಾತ್ರ ಅವರು ಏಳಲಿಲ್ಲ.

ಅತ್ತೆ ದೊಡ್ಡ ಮನಸ್ಸಿನವರು. ಪನ್ನೀರ್ ದ್ರಾಕ್ಷಿಯ ಬುಟ್ಟಿಯನ್ನೇ ತಂದಿಟ್ಟರು. ಈ ದ್ರಾಕ್ಷಿಗೆ 2023ರಲ್ಲಿ ಜಿ.ಐ. (ಭೌಗೋಳಿಕ ಸೂಚಕ) ಮಾನ್ಯತೆ ಬಂದಿದೆ, ಅದರ ಜತೆಗೆ ನೆಂಟರಿಗೆ ಹೇಳುವ ಮಾತಿಗೂ ಹೊಸ ಗತ್ತು ಬಂದಿದೆ. “ದಾರಿಯಲ್ಲಿ ತಿನ್ನಪ್ಪಾ” ಅಂದರು. ನಾನಿನ್ನೂ ಚಪ್ಪಲಿ ಬಿಟ್ಟಿರಲಿಲ್ಲ.

ಹಾಗಾಗಿ, ಹಳೇ ಊರಿಗೆ ಹೊರಟವರೇ, ವಾಪಸ್ ಹೋಗುವ ಟಿಕೆಟನ್ನು ಅಂಗಿಯ ಮೇಲುಜೇಬಿನಲ್ಲಿ ಎಲ್ಲರಿಗೂ ಕಾಣುವಂತೆ ಇಟ್ಟುಕೊಳ್ಳಿ. ಅದನ್ನು ಕಂಡ ಮೇಲೆಯೇ ಎರಡನೇ ಲೋಟ ಕಾಫಿ ಬರುವುದು.